‘ಸಾರಿ’ ಕೇಳುವುದಲ್ಲ, ಹೇಳುವುದು: ಒಂದು ಇಂಗ್ಲಿಷ್ ಪದ, ಅದರ ನೆಂಟರಿಷ್ಟರು

ಕೆಲವು ವರ್ಷಗಳ ಹಿಂದಿನ ಮಾತು. ಆಫೀಸಿನ ಕಾಲ್‌ನಲ್ಲಿದ್ದೆ. ಆ ಕಡೆ ಮ್ಯಾಂಚೆಸ್ಟರ್‌ನ ಹಿರಿಯ ಸಹೋದ್ಯೋಗಿ ಒಬ್ಬರು. ಎರಡು ದಿನ ಯಾಕೆ ಕಾಣಲಿಲ್ಲ ಅಂತ ಕೇಳಿದರು. ನಮ್ಮ ಅಜ್ಜಿ ತೀರಿಕೊಂಡರು, ಊರಿಗೆ ಹೋಗಿದ್ದೆ ಅಂದೆ. ‘ಓ, ಐ ಆಮ್ ಸೋ ಸಾರಿ’ ಅಂದರು. ನಾನು ಥಟ್ಟನೆ ‘ನೋ ನೋ ಮ್ಯಾಡಮ್, ಇಟ್ಸ್ ನಾಟ್ ಯುವರ್ ಫಾಲ್ಟ್’ ಅಂದುಬಿಟ್ಟೆ. ಆ ಕಡೆ ಎರಡು ಸೆಕೆಂಡ್ ಸದ್ದೇ ಇಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದುಕೊಂಡೆ. ನೆಟ್‌ವರ್ಕ್ ಸರಿಯಾಗೇ ಇತ್ತು.

‘ಸಾರಿ’ ನಮಗೆ ಬಳಸಿ ಬಳಸಿ ಸವೆದುಹೋದ ಪದ. ಎಲ್‌ಕೆಜಿ ಮಗುವಿಗೂ ಗೊತ್ತು, ಚಿಲ್ಲರೆ ತಪ್ಪು ಕೊಟ್ಟ ಅಂಗಡಿಯವರಿಗೂ ಗೊತ್ತು. ಅದಕ್ಕೇ ಅದನ್ನು ಯಾರೂ ಕೂತು ಕಲಿಯುವುದಿಲ್ಲ. ಅದರ ಸುತ್ತ ಎಕ್ಸ್‌ಕ್ಯೂಸ್, ಪಾರ್ಡನ್, ಅಪಾಲಜಿ, ರಿಗ್ರೆಟ್ ಅಂತ ಒಂದು ಬಳಗವೇ ಇದೆ. ಎಲ್ಲದಕ್ಕೂ ನಿಘಂಟಿನಲ್ಲಿ ಹೆಚ್ಚು ಕಡಿಮೆ ‘ಕ್ಷಮೆ’, ‘ವಿಷಾದ’ ಅಂತಲೇ ಅರ್ಥ ಕೊಟ್ಟಿರುತ್ತಾರೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ನನ್ನ ಹಾಗೆ ಪೇಚಿಗೆ ಸಿಕ್ಕುತ್ತೀರಿ. ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ‘ಕೇಳು’ ಬಿಡಿ, ‘ಹೇಳು’ ಹಿಡಿಯಿರಿ

ಮನೆಯಲ್ಲಿ ಮಕ್ಕಳು ಕಿತ್ತಾಡಿದರೆ ಏನನ್ನುತ್ತೇವೆ? ‘ಹೋಗು, ಅಣ್ಣಂಗೆ ಸಾರಿ ಕೇಳು.’ ಇದು ನಮ್ಮ ‘ಕ್ಷಮೆ ಕೇಳು’ ಅನ್ನುವ ಅಚ್ಚಿನಲ್ಲೇ ಹೊಯ್ದ ಮಾತು. ಕನ್ನಡದಲ್ಲಿ ಇದು ತಪ್ಪೇನಲ್ಲ, ಈಗ ನಮ್ಮದೇ ನುಡಿಗಟ್ಟು. ತೊಂದರೆ ಬರುವುದು ಇದನ್ನೇ ಇಂಗ್ಲಿಷ್‌ಗೆ ವಾಪಸ್ ಕಳಿಸಿದಾಗ. ‘ಹಿ ಆಸ್ಕ್ಡ್ ಮಿ ಸಾರಿ’ ಅನ್ನುವ ವಾಕ್ಯ ಇಂಗ್ಲಿಷ್‌ನವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಅವರದು ‘ಹಿ ಸೆಡ್ ಸಾರಿ’. ಅಷ್ಟೇ.

ಯಾಕೆ ಹೀಗೆ? ಕನ್ನಡದಲ್ಲಿ ಕ್ಷಮೆ ಎದುರಿನವರ ಕೈಯಲ್ಲಿರುತ್ತದೆ. ನಾವು ಕೇಳಬೇಕು, ಅವರು ಕೊಡಬೇಕು. ‘ಸಾರಿ’ ಹಾಗಲ್ಲ. ಅದು ಹಳೆಯ ಇಂಗ್ಲಿಷ್‌ನ ‘ಸಾರಿಗ್’ ಅನ್ನುವ ಪದದಿಂದ ಬಂದದ್ದು. ಅದರ ಬೇರು ‘ಸಾರ್’, ಅಂದರೆ ನೋವು, ಗಾಯ. ಗಂಟಲು ಕೆರೆದಾಗ ಹೇಳುತ್ತೇವಲ್ಲ, ‘ಸೋರ್ ಥ್ರೋಟ್’ ಅಂತ, ಆ ‘ಸೋರ್’ ಇದರ ಒಡಹುಟ್ಟು. (‘ಸಾರೋ’ ಅನ್ನುವ ದುಃಖದ ಪದವೂ ಇದರ ನೆಂಟ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದರ ಬೇರು ಬೇರೆ. ನೋಡೋಕೆ ಒಂದೇ ಥರ, ಅಷ್ಟೇ.) ಹಾಗಾಗಿ ‘ಐ ಆಮ್ ಸಾರಿ’ ಅಂದರೆ ಮೂಲದಲ್ಲಿ ‘ನನಗೆ ನೋವಾಗಿದೆ’ ಅಂತ. ನನ್ನೊಳಗಿನ ಸ್ಥಿತಿಯನ್ನು ನಾನು ಹೇಳಿಕೊಳ್ಳುವುದು. ಎದುರಿನವರನ್ನು ಏನೂ ಕೇಳುವುದಲ್ಲ.

ಇದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಮುಗಿಯಿತು. ಅಜ್ಜಿ ತೀರಿಕೊಂಡಾಗ ಆ ಮ್ಯಾಡಮ್ ಹೇಳಿದ ಸಾರಿಗೆ ಕನ್ನಡ ‘ಕ್ಷಮಿಸಿ’ ಅಲ್ಲವೇ ಅಲ್ಲ. ನಾವು ಅಂಥ ಹೊತ್ತಲ್ಲಿ ‘ಛೇ, ಕೇಳಿ ಬೇಜಾರಾಯ್ತು’ ಅನ್ನುತ್ತೇವಲ್ಲ, ಅದು. ಪಕ್ಕದ ಮನೆಯ ಹುಡುಗ ಕಾಲು ಮುರಿದುಕೊಂಡಾಗ ‘ಅಯ್ಯೋ ಪಾಪ’ ಅನ್ನುತ್ತೇವಲ್ಲ, ಅದೂ ಸಾರಿಯೇ: ‘ಐ ಫೀಲ್ ಸಾರಿ ಫಾರ್ ಹಿಮ್’.

ತಪ್ಪು ನಮ್ಮದೇ ಆದಾಗ ನಮ್ಮ ಹಳ್ಳಿಗಳ ಕಡೆ ‘ತಪ್ಪಾಯ್ತು’ ಅನ್ನುತ್ತಾರೆ. ನನಗೆ ತುಂಬ ಇಷ್ಟದ ಮಾತು ಇದು. ವ್ಯಾಕರಣದಲ್ಲಿ ನೋಡಿದರೆ ಅದರಲ್ಲಿ ‘ನಾನು’ ಇಲ್ಲ, ತಪ್ಪು ತಾನಾಗೇ ಆದ ಹಾಗಿದೆ. ಆದರೆ ತಲೆ ತಗ್ಗಿಸಿ ‘ತಪ್ಪಾಯ್ತು ಯಜಮಾನ್ರೆ’ ಅಂದವರ ಮೇಲೆ ಯಾರು ಸಿಟ್ಟು ಉಳಿಸಿಕೊಳ್ಳುತ್ತಾರೆ? ಸಾರಿಗೆ ಆ ತೂಕ ಇಲ್ಲ ಬಿಡಿ.

ಸಾರಿಯ ಇನ್ನೊಂದು ಮುಖವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಮಪದದ ಮುಂದೆ ಬಂದರೆ ಅದರ ಅರ್ಥ ‘ಶೋಚನೀಯ’, ‘ದರಿದ್ರ’. ‘ದ ರೋಡ್ ಈಸ್ ಇನ್ ಎ ಸಾರಿ ಸ್ಟೇಟ್’ ಅಂದರೆ ರಸ್ತೆ ಯಾರ ಕ್ಷಮೆಯನ್ನೂ ಕೇಳುತ್ತಿಲ್ಲ, ಅದರ ಗತಿ ನೋಡೋಕಾಗಲ್ಲ ಅಂತ.

ಹೆಜ್ಜೆ 2: ತೊಂದರೆ ಆಗಿದೆಯಾ, ಇನ್ನು ಆಗಬೇಕಾ?

ಎಕ್ಸ್‌ಕ್ಯೂಸ್ ಮಿ ಮತ್ತು ಸಾರಿ ನಡುವೆ ತಡವರಿಸುವವರಿಗೆ ಇದೊಂದು ಪ್ರಶ್ನೆ ಸಾಕು. ತೊಂದರೆ ಕೊಡುವ ಮುಂಚೆ ‘ಎಕ್ಸ್‌ಕ್ಯೂಸ್ ಮಿ’, ಕೊಟ್ಟ ಮೇಲೆ ‘ಸಾರಿ’.

ರಶ್ಶಿನ ಬಸ್ಸು ಅಂದುಕೊಳ್ಳಿ. ನಿಮ್ಮ ಸ್ಟಾಪ್ ಬಂತು, ಮುಂದೆ ನಾಲ್ಕು ಜನ ನಿಂತಿದ್ದಾರೆ. ಕನ್ನಡದಲ್ಲಿ ‘ಇಳೀಬೇಕು, ಸ್ವಲ್ಪ ದಾರಿ ಬಿಡಿ’ ಅನ್ನುತ್ತೀರಿ. ಆ ಜಾಗದಲ್ಲಿ ಬರುವುದು ‘ಎಕ್ಸ್‌ಕ್ಯೂಸ್ ಮಿ’. ನುಗ್ಗುವಾಗ ಯಾರದೋ ಕಾಲು ತುಳಿದಿರಿ. ಈಗ ‘ಸಾರಿ’. ನಮ್ಮಲ್ಲಿ ಇಲ್ಲಿ ಮಾತೇ ಬೇಡ. ಕಾಲು ತಾಗಿದ ಕೂಡಲೇ ಕೈ ತಾನಾಗೇ ಅವರ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿರುತ್ತದೆ. ಅವರೂ ‘ಇರಲಿ ಇರಲಿ’ ಅಂದಿರುತ್ತಾರೆ. ಲಂಡನ್‌ನ ರೈಲಿನಲ್ಲಿ ಅಪರಿಚಿತರನ್ನು ಹಾಗೆ ಮುಟ್ಟೋಕೆ ಹೋಗಬೇಡಿ.

ಈ ನಿಯಮ ಎಲ್ಲ ಕಡೆ ಹೀಗೇ ನಡೆಯುವುದಿಲ್ಲ. ಅಮೆರಿಕದಲ್ಲಿ ಡಿಕ್ಕಿ ಹೊಡೆದ ಮೇಲೂ ‘ಎಕ್ಸ್‌ಕ್ಯೂಸ್ ಮಿ’ ಅನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ದಾರಿ ಕೇಳುವಾಗಲೂ ‘ಸಾರಿ’ ಅನ್ನುವವರು ಸಿಗುತ್ತಾರೆ. ನೀವೇ ಅವರ ಕಾಲು ತುಳಿದರೂ ಅವರೇ ‘ಸಾರಿ’ ಅಂದಾರು! ನಾವು ಕಲಿಯುವವರು, ನಿಯಮ ಹಿಡಿದುಕೊಂಡರೆ ಮೋಸವಿಲ್ಲ.

ಎಕ್ಸ್‌ಕ್ಯೂಸ್ ಲ್ಯಾಟಿನ್‌ನಿಂದ ಬಂದ ಪದ. ಅದರ ಮೂಲದ ಅರ್ಥ ‘ಆಪಾದನೆಯಿಂದ ಬಿಡಿಸು’. ಅದಕ್ಕೇ ರಜಾ ಅರ್ಜಿಯಲ್ಲಿ ‘ಪ್ಲೀಸ್ ಎಕ್ಸ್‌ಕ್ಯೂಸ್ ಮೈ ಆಬ್ಸೆನ್ಸ್’ ಅನ್ನುವುದು ಸರಿಯಾದ ಬಳಕೆ: ನಾನು ಬಾರದ್ದನ್ನು ತಪ್ಪು ಅಂತ ಎಣಿಸಬೇಡಿ. ಒಂದು ಸಣ್ಣ ಗುಟ್ಟು: ಕ್ರಿಯಾಪದವಾದಾಗ ಕೊನೆಗೆ ‘ಝ್’ ಸದ್ದು, ‘ಎಕ್ಸ್‌ಕ್ಯೂಝ್ ಮಿ’. ನೆಪ ಅನ್ನುವ ನಾಮಪದವಾದಾಗ ‘ಸ್’ ಸದ್ದು, ‘ಡೋಂಟ್ ಗಿವ್ ಎಕ್ಸ್‌ಕ್ಯೂಸಸ್’. ಬರೆಯುವುದು ಒಂದೇ ಥರ.

ಹೆಜ್ಜೆ 3: ಕೇಳಿಸದಿದ್ದರೆ ರಾಗ ಎಳೆಯಿರಿ

ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ. ನಾವು ‘ಆಂ? ಏನಂದ್ರಿ?’ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ‘ವಾಟ್?’ ಅಂದರೆ ಒರಟಾಗಿ ಕೇಳಿಸಬಹುದು. ಅದರ ಬದಲು ‘ಸಾರಿ?’ ಅಥವಾ ‘ಪಾರ್ಡನ್?’ ಅನ್ನಿ. ಎರಡಕ್ಕೂ ರಾಗ ಮೇಲಕ್ಕೆ ಹೋಗಬೇಕು, ಪ್ರಶ್ನೆ ಕೇಳಿದ ಹಾಗೆ. ರಾಗ ಕೆಳಗೆ ಬಿದ್ದರೆ ‘ಸಾರಿ’ ತಪ್ಪೊಪ್ಪಿಗೆ ಆಗುತ್ತದೆ, ಅವರು ‘ಯಾಕೆ, ಏನಾಯ್ತು’ ಅಂತ ಗಾಬರಿಯಾಗುತ್ತಾರೆ. ‘ಐ ಬೆಗ್ ಯುವರ್ ಪಾರ್ಡನ್’ ಇನ್ನೂ ನಾಜೂಕು. ರಾಗ ಮೇಲಿದ್ದರೆ ‘ಇನ್ನೊಂದು ಸಲ ಹೇಳಿ’. ಗಟ್ಟಿಯಾಗಿ, ಒತ್ತಿ ಹೇಳಿದರೆ ‘ಏನಂದೆ ನೀನು?’ ಅಂತ ಜಗಳಕ್ಕೆ ನಿಂತ ಹಾಗೆ.

ಇಂಗ್ಲೆಂಡಿನಲ್ಲಿ ಈ ಪಾರ್ಡನ್‌ಗೆ ಒಂದು ತಮಾಷೆಯ ಚರಿತ್ರೆ ಇದೆ. ಅಲನ್ ರಾಸ್ ಅನ್ನುವ ಭಾಷಾ ವಿದ್ವಾಂಸರು 1954ರಲ್ಲಿ ಮೇಲ್ವರ್ಗದವರ ಮಾತು ಯಾವುದು, ಉಳಿದವರದು ಯಾವುದು ಅಂತ ವಿಂಗಡಿಸಿ ಒಂದು ಲೇಖನ ಬರೆದರು. ಅದರಲ್ಲಿ ‘ಪಾರ್ಡನ್’ ಬಿದ್ದದ್ದು ಮೇಲ್ವರ್ಗದ್ದಲ್ಲದ ಪಟ್ಟಿಗೆ. ನಾವು ಒರಟು ಅಂತ ಹೆದರುವ ‘ವಾಟ್?’ ಮೇಲ್ವರ್ಗದವರ ಮಾತಾಗಿತ್ತು! ನಮಗೆ ಆ ಉಸಾಬರಿ ಬೇಡ. ‘ಸಾರಿ?’ ಅಂದರೆ ಎಲ್ಲರಿಗೂ ಆಗುತ್ತದೆ.

ಪಾರ್ಡನ್‌ನ ನಿಜವಾದ ತೂಕ ಕಾಣುವುದು ಕಾನೂನಿನಲ್ಲಿ. ನಮ್ಮ ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ, 161ನೇ ವಿಧಿ ರಾಜ್ಯಪಾಲರಿಗೆ ಕೊಟ್ಟಿರುವ ಅಧಿಕಾರದಲ್ಲಿ ಮೊದಲು ಬರುವುದೇ ಈ ಪದ. ಕನ್ನಡ ಪತ್ರಿಕೆಗಳು ಅದನ್ನು ‘ಕ್ಷಮಾದಾನ’ ಅನ್ನುತ್ತವೆ.

ಹೆಜ್ಜೆ 4: ಬರೆಯುವಾಗ ‘ಅಪಾಲಜೈಸ್’

ಮಾತಿನಲ್ಲಿ ಸಾರಿ, ಕಾಗದದಲ್ಲಿ ಅಪಾಲಜಿ. ಗ್ರಾಹಕರಿಗೆ, ಮೇಲಧಿಕಾರಿಗೆ, ಗೊತ್ತಿಲ್ಲದವರಿಗೆ ಬರೆಯುವಾಗ ಇದು ಸರಿಹೊಂದುತ್ತದೆ. ಆದರೆ ಇದರಲ್ಲೇ ನಾವು ಜಾಸ್ತಿ ಎಡವುವುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ ಒಂದು ಮೇಲ್ ಇನ್ನೂ ನೆನಪಿದೆ:

‘ರೆಸ್ಪೆಕ್ಟೆಡ್ ಮ್ಯಾಡಮ್, ಐ ಆಮ್ ಅಪಾಲಜೈಸ್ ಫಾರ್ ದಿ ಇನ್‌ಕನ್ವೀನಿಯನ್ಸ್ ಕಾಸ್ಡ್. ಕೈಂಡ್ಲಿ ಎಕ್ಸ್‌ಕ್ಯೂಸ್ ಮಿ ಫಾರ್ ದ ಸೇಮ್.’

ಒಂದೊಂದಾಗಿ ಬಿಚ್ಚೋಣ. ‘ಐ ಆಮ್ ಅಪಾಲಜೈಸ್’ ತಪ್ಪು. ಸಾರಿ ಗುಣವಾಚಕ, ಅದಕ್ಕೆ ‘ಆಮ್’ ಬೇಕು. ಅಪಾಲಜೈಸ್ ಕ್ರಿಯಾಪದ, ಅದಕ್ಕೆ ‘ಆಮ್’ ಬೇಡ. ‘ಐ ಅಪಾಲಜೈಸ್’ ಅಂದರೆ ಮುಗಿಯಿತು. ‘ಐ ಅಪಾಲಜಿ’ ಅನ್ನುವುದೂ ತಪ್ಪು, ಯಾಕೆಂದರೆ ಅಪಾಲಜಿ ನಾಮಪದ. ‘ಮೈ ಅಪಾಲಜೀಸ್’ ಅನ್ನಬಹುದು. ಇನ್ನು ಇನ್‌ಕನ್ವೀನಿಯನ್ಸ್. ಯಾವ ಇನ್‌ಕನ್ವೀನಿಯನ್ಸ್? ನಾನು ಮಾಡಿದ್ದು ಇಷ್ಟೇ, ಮಂಗಳವಾರ ಕಳಿಸಬೇಕಿದ್ದ ವರದಿಯನ್ನು ಗುರುವಾರ ಕಳಿಸಿದ್ದೆ. ಅದನ್ನು ಹೇಳದೆ ‘ಆದ ತೊಂದರೆ’ ಅಂತ ಸುಮ್ನೆ ಗಾಳಿಯಲ್ಲಿ ತೇಲಿಸಿದ್ದೆ. ಕೊನೆಯ ಸಾಲು ಪೂರ್ತಿ ಬೇಡದ್ದು.

ಈಗಾದರೆ ಹೀಗೆ ಬರೆಯುತ್ತೇನೆ: ‘ಐ ಅಪಾಲಜೈಸ್ ಫಾರ್ ಸೆಂಡಿಂಗ್ ದ ರಿಪೋರ್ಟ್ ಟೂ ಡೇಸ್ ಲೇಟ್. ದ ನೆಕ್ಸ್ಟ್ ಒನ್ ವಿಲ್ ರೀಚ್ ಯೂ ಆನ್ ಟ್ಯೂಸ್‌ಡೇ.’ ಏನು ತಪ್ಪು, ಮುಂದೇನು. ಎರಡೇ ಸಾಲು.

ಕೊಂಡಿಪದಗಳನ್ನು ಹೀಗೆ ನೆನಪಿಡಿ. ಯಾರಿಗೆ ಅನ್ನುವುದಕ್ಕೆ ‘ಟು’, ಯಾತಕ್ಕೆ ಅನ್ನುವುದಕ್ಕೆ ‘ಫಾರ್’: ‘ಐ ಅಪಾಲಜೈಸ್ಡ್ ಟು ಹರ್ ಫಾರ್ ದ ಮಿಸ್ಟೇಕ್’. ಸಾರಿಗೆ ‘ಫಾರ್’ ಆಗುತ್ತದೆ, ‘ಅಬೌಟ್’ ಕೂಡ ಆಗುತ್ತದೆ. ಮಾಡಿದ ಕೆಲಸ ಹೇಳುವಾಗ ‘ಸಾರಿ ಫಾರ್ ಶೌಟಿಂಗ್’, ಆದ ಸಂಗತಿ ಹೇಳುವಾಗ ‘ಸಾರಿ ಅಬೌಟ್ ದ ನಾಯ್ಸ್’. ಸುದ್ದಿ ಕೇಳಿ ಮರುಗುವಾಗ ‘ಸಾರಿ ಟು ಹಿಯರ್ ದಟ್’. ಇಲ್ಲಿ ‘ಫಾರ್ ಹಿಯರಿಂಗ್’ ಅಂದರೆ ಕದ್ದು ಕೇಳಿಸಿಕೊಂಡಿದ್ದಕ್ಕೆ ಕ್ಷಮೆ ಕೇಳಿದ ಹಾಗಾಗುತ್ತದೆ, ಹುಷಾರು.

ಸಾರಿಗೂ ಅಪಾಲಜಿಗೂ ಒಳಗಿನ ವ್ಯತ್ಯಾಸ ಏನು? ಅಪಾಲಜಿಯಲ್ಲಿ ತಪ್ಪು ನನ್ನದು ಅನ್ನುವ ಒಪ್ಪಿಗೆ ಇದೆ. ಸಾರಿಯಲ್ಲಿ ಇರಬಹುದು, ಇಲ್ಲದಿರಬಹುದು. ಈ ಸಂದಿಯಲ್ಲಿ ದೇಶಗಳೇ ನುಸುಳಿ ಪಾರಾಗಿವೆ. 2001ರ ಏಪ್ರಿಲ್ 1ರಂದು ಅಮೆರಿಕದ ಬೇಹುಗಾರಿಕೆ ವಿಮಾನವೊಂದಕ್ಕೂ ಚೀನಾದ ಯುದ್ಧ ವಿಮಾನಕ್ಕೂ ಆಕಾಶದಲ್ಲಿ ಡಿಕ್ಕಿಯಾಯಿತು. ಚೀನಾದ ಪೈಲಟ್ ಪ್ರಾಣ ಕಳೆದುಕೊಂಡರು. ಅಮೆರಿಕದ ವಿಮಾನ ಚೀನಾದ ಹೈನಾನ್ ದ್ವೀಪದಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ 24 ಜನರನ್ನು ಚೀನಾ ತನ್ನಲ್ಲೇ ಇಟ್ಟುಕೊಂಡಿತು, ಕ್ಷಮೆ ಕೇಳಿ ಅಂತ ಪಟ್ಟು ಹಿಡಿಯಿತು. ಅಮೆರಿಕ ಕೊನೆಗೆ ಕೊಟ್ಟ ಪತ್ರದಲ್ಲಿ ‘ಅಪಾಲಜಿ’ ಇರಲಿಲ್ಲ. ‘ವೆರಿ ಸಾರಿ’ ಎರಡು ಕಡೆ ಇತ್ತು. ಪೈಲಟ್ ಸಾವಿಗೆ ಒಂದು, ಅನುಮತಿ ಪಡೆಯದೆ ಇಳಿದದ್ದಕ್ಕೆ ಒಂದು. ಚೀನಾ ಅದನ್ನು ಕ್ಷಮೆ ಅಂತ ಓದಿಕೊಂಡಿತು, ಅಮೆರಿಕ ಬರೀ ದುಃಖ ಅಂತ ಓದಿಕೊಂಡಿತು. ಜನ ಮನೆಗೆ ಹೋದರು.

ಅಂದ ಹಾಗೆ, ಅಪಾಲಜಿ ಪದದ ಗ್ರೀಕ್ ಮೂಲಕ್ಕೆ ಅರ್ಥ ‘ತನ್ನ ಪರವಾದ ವಾದ’. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್ ನ್ಯಾಯಾಲಯದಲ್ಲಿ ಆಡಿದ ಮಾತುಗಳ ಬಗ್ಗೆ ಪ್ಲೇಟೋ ಬರೆದ ಕೃತಿಯ ಹೆಸರು ‘ಅಪಾಲಜಿ’. ಅದರಲ್ಲಿ ಅವನು ಕ್ಷಮೆ ಕೇಳುತ್ತಾನೆ ಅಂದುಕೊಂಡು ಓದೋಕೆ ಕೂತರೆ ನಿರಾಸೆ ಖಂಡಿತ.

ಹೆಜ್ಜೆ 5: ‘ರಿಗ್ರೆಟ್’ ಕಂಡರೆ ಎರಡು ಸಲ ಓದಿ

ರಿಗ್ರೆಟ್ ಅಂದರೆ ವಿಷಾದ. ಆಗಿದ್ದು ಆಗಬಾರದಿತ್ತು ಅಂತ ಹೇಳುತ್ತದೆ, ಮಾಡಿದ್ದು ಯಾರು ಅಂತ ಹೇಳಬೇಕಾಗಿಲ್ಲ. ಅದಕ್ಕೇ ಇದು ಸರ್ಕಾರಗಳ, ಸಂಸ್ಥೆಗಳ ಅಚ್ಚುಮೆಚ್ಚಿನ ಪದ. ರೈಲು ಮೂರು ಗಂಟೆ ತಡವಾದಾಗ ಪ್ಲಾಟ್‌ಫಾರ್ಮಿನಲ್ಲಿ ಕೇಳುವ ‘ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’ ನೆನಪಿದೆ ಅಲ್ವಾ? ಆ ವಾಕ್ಯದಲ್ಲಿ ತೊಂದರೆ ಇದೆ, ವಿಷಾದ ಇದೆ. ವಿಷಾದಪಡುವ ಆಸಾಮಿ ಮಾತ್ರ ಇಲ್ಲ. ದೂರದರ್ಶನದ ಕಾಲದವರಿಗೆ ನೆನಪಿರುವ ‘ರುಕಾವಟ್ ಕೇ ಲಿಯೇ ಖೇದ್ ಹೈ’ (ಅಡಚಣೆಗಾಗಿ ವಿಷಾದವಿದೆ) ಕೂಡ ಅದೇ ಜಾತಿಯದು.

ಆಸ್ಟ್ರೇಲಿಯಾದ ಕಥೆ ಸಾರಿ, ರಿಗ್ರೆಟ್ ಎರಡರ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ದಶಕಗಟ್ಟಲೆ ತಂದೆತಾಯಿಯರಿಂದ ಕಿತ್ತುಕೊಂಡು ಬೇರೆಡೆ ಬೆಳೆಸಿತ್ತು. 1997ರಲ್ಲಿ ಇದರ ಬಗ್ಗೆ ದೊಡ್ಡ ವರದಿ ಬಂತು. 1998ರಿಂದ ಜನ ಮೇ 26ನ್ನು ‘ಸಾರಿ ಡೇ’ ಅಂತ ಆಚರಿಸತೊಡಗಿದರು. ಪ್ರಧಾನಿ ಜಾನ್ ಹೋವರ್ಡ್ 1999ರಲ್ಲಿ ಸಂಸತ್ತಿನಲ್ಲಿ ನಿರ್ಣಯ ತಂದರು. ಅದರಲ್ಲಿ ಇದ್ದದ್ದು ‘ರಿಗ್ರೆಟ್’. ಸಾರಿ ಅನ್ನಲು ಅವರು ಒಪ್ಪಲಿಲ್ಲ. ಆ ಒಂದು ಪದಕ್ಕಾಗಿ ಜನ ಮತ್ತೆ ಎಂಟು ವರ್ಷ ಕಾದರು. 2008ರ ಫೆಬ್ರುವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಎದ್ದು ನಿಂತು ‘ವಿ ಸೇ ಸಾರಿ’ ಅಂದರು. ಒಂದಲ್ಲ, ಹಲವು ಸಲ.

ನಮ್ಮ ಮನೆಯ ಉದಾಹರಣೆಯೂ ಇದೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಮೂರು ದಿನ ಮುಂಚೆ, 2019ರ ಏಪ್ರಿಲ್ 10ರಂದು, ಬ್ರಿಟನ್ ಪ್ರಧಾನಿ ಥೆರೇಸಾ ಮೇ ಸಂಸತ್ತಿನಲ್ಲಿ ಮಾತಾಡಿದರು. ಬಳಸಿದ ಪದ ‘ಡೀಪ್ಲಿ ರಿಗ್ರೆಟ್’. ಕ್ಷಮೆ ಕೇಳಲಿಲ್ಲ ಅಂತ ಇಲ್ಲಿ ಸಿಟ್ಟಾದವರು ಪದವನ್ನು ಸರಿಯಾಗಿಯೇ ಓದಿದ್ದರು.

ನಿಮ್ಮ ಮೇಲ್‌ಬಾಕ್ಸಿಗೆ ಬರುವ ‘ವಿ ರಿಗ್ರೆಟ್ ಟು ಇನ್‌ಫಾರ್ಮ್ ಯೂ’ ಅಂದರೆ ಕೆಲಸ ಸಿಕ್ಕಿಲ್ಲ ಅಂತ, ಮುಂದೆ ಓದಬೇಕಾಗಿಲ್ಲ. ಇದರ ವ್ಯಾಕರಣ ಮಾತ್ರ ಗಮನಿಸಿ. ‘ರಿಗ್ರೆಟ್ ಟು ಸೇ’ ಅಂದರೆ ಈಗ ಕೆಟ್ಟ ಸುದ್ದಿ ಹೇಳುತ್ತಿದ್ದೇನೆ. ‘ರಿಗ್ರೆಟ್ ಸೇಯಿಂಗ್’ ಅಂದರೆ ಹಿಂದೆ ಆಡಿದ ಮಾತಿಗೆ ಈಗ ಪರಿತಪಿಸುತ್ತಿದ್ದೇನೆ. ಕಾಲವೇ ಬೇರೆ.

ಹೆಜ್ಜೆ 6: ಉಳಿದ ಮೂವರು

‘ಐ ಆಮ್ ಅಫ್ರೇಡ್’ ಕೇಳಿ ಹೆದರಬೇಡಿ. ‘ಐ ಆಮ್ ಅಫ್ರೇಡ್ ಹಿ ಈಸ್ ನಾಟ್ ಇನ್’ ಅಂದರೆ ಫೋನ್ ಎತ್ತಿದವರಿಗೆ ಭಯವೇನೂ ಆಗಿಲ್ಲ. ‘ಇಲ್ಲವಲ್ಲ, ಏನ್ಮಾಡೋದು’ ಅಂತ ನಯವಾಗಿ ಹೇಳಿದ್ದು. ‘ಫರ್ಗಿವ್ ಮಿ’ ತುಂಬ ಭಾರದ ಮಾತು, ಮನಸ್ಸು ಮುರಿದಾಗ ಹೇಳುವಂಥದ್ದು. ನಿಜ ಹೇಳಬೇಕೆಂದರೆ ನಮ್ಮ ‘ಕ್ಷಮಿಸಿ’ಗೆ ತೀರಾ ಹತ್ತಿರ ಇರುವುದು ಇದೇ, ಯಾಕೆಂದರೆ ಇದರಲ್ಲಿ ಬೇಡಿಕೆ ಇದೆ. ‘ಮೈ ಬ್ಯಾಡ್’ ಹುಡುಗರ ಮಾತು. ಆಟದಲ್ಲಿ ಚೆಂಡು ಬಿಟ್ಟಾಗ ಚೆನ್ನ, ಬಾಸ್‌ಗೆ ಬರೆಯುವ ಮೇಲ್‌ನಲ್ಲಿ ಬೇಡ.

ಹೆಜ್ಜೆ 7: ‘ಇಫ್’, ‘ಬಟ್’ ಕಿತ್ತುಹಾಕಿ

‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಈ ವಾಕ್ಯವನ್ನು ಟಿವಿಯಲ್ಲಿ ಎಷ್ಟು ಸಲ ಕೇಳಿದ್ದೀರಿ? ‘ಆಗಿದ್ದರೆ’ ಅನ್ನುವಲ್ಲೇ ಕ್ಷಮೆ ಜಾರಿಹೋಯಿತು. ‘ಸಾರಿ ಇಫ್ ಯೂ ವರ್ ಹರ್ಟ್’ ಅದರದೇ ಇಂಗ್ಲಿಷ್ ರೂಪ. ‘ಸಾರಿ, ಬಟ್’ ಇನ್ನೊಂದು ಥರ. ಬಟ್ ಬಂದ ಮೇಲೆ ಮುಂದಿನದೆಲ್ಲ ಜಗಳವೇ. ಕಾರಣ ಹೇಳಲೇಬೇಕಿದ್ದರೆ ಮೊದಲು ಸಾರಿಗೆ ಪೂರ್ಣವಿರಾಮ ಹಾಕಿ, ಉಸಿರು ತೆಗೆದುಕೊಂಡು ಆಮೇಲೆ ಹೇಳಿ.

ತಪ್ಪು ಒಪ್ಪಿದರೆ ನಾಳೆ ಕೋರ್ಟಿನಲ್ಲಿ ತಿರುಗಿಬಿದ್ದೀತು ಅನ್ನುವ ಭಯಕ್ಕೆ ಕೆನಡಾದ ಒಂಟಾರಿಯೋ ಪ್ರಾಂತ್ಯ 2009ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು. ಸಿವಿಲ್ ಮೊಕದ್ದಮೆಯಲ್ಲಿ ಸಾರಿ ಅಂದದ್ದನ್ನು ತಪ್ಪೊಪ್ಪಿಗೆ ಅಂತ ಎಣಿಸುವ ಹಾಗಿಲ್ಲ. ಟೊರಾಂಟೊದ ಕನ್ನಡಿಗರು ಧಾರಾಳವಾಗಿ ಸಾರಿ ಹೇಳಬಹುದು. ಅಲ್ಲಿಯವರ ಬಾಯಲ್ಲಿ ಅದು ‘ಸೋರಿ’.

ಹೆಜ್ಜೆ 8: ಸಾರಿ ಅಂದವರಿಗೆ ಏನನ್ನಬೇಕು?

ತಪ್ಪು ಮಾಡಿ ಸಾರಿ ಅಂದವರಿಗೆ ನಮ್ಮ ‘ಪರವಾಗಿಲ್ಲ’ದ ಹಾಗೆ ‘ದಟ್ಸ್ ಓಕೆ’, ‘ನೋ ಪ್ರಾಬ್ಲಂ’, ‘ನೆವರ್ ಮೈಂಡ್’. ‘ಯೂ ಆರ್ ವೆಲ್ಕಮ್’ ಇಲ್ಲಿ ಬರುವುದಿಲ್ಲ, ಅದು ಥ್ಯಾಂಕ್ಸ್‌ಗೆ. ತಪ್ಪು ನಿಜಕ್ಕೂ ದೊಡ್ಡದಾಗಿದ್ದು, ‘ಪರವಾಗಿಲ್ಲ’ ಅನ್ನಲು ಮನಸ್ಸಿಲ್ಲದಿದ್ದರೆ ‘ಥ್ಯಾಂಕ್ಸ್ ಫಾರ್ ಸೇಯಿಂಗ್ ದಟ್’ ಅಂದರೆ ಸಾಕು. ಸುಳ್ಳೂ ಹೇಳಿದ ಹಾಗಾಗಲಿಲ್ಲ, ಜಗಳವೂ ಬೆಳೆಯಲಿಲ್ಲ.

ಸಾವಿನ ಸುದ್ದಿ ಕೇಳಿ ಸಾರಿ ಅಂದವರಿಗೆ ಉತ್ತರ ಒಂದೇ, ‘ಥ್ಯಾಂಕ್ ಯೂ’. ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಮನೆಗೆ ಮಾತಾಡಿಸಿಕೊಂಡು ಹೋಗಲು ಬಂದವರಿಗೆ ನಾವು ಥ್ಯಾಂಕ್ಸ್ ಹೇಳುವುದಿಲ್ಲ, ಬಂದವರೂ ‘ಹೋಗಿ ಬರ್ತೀವಿ’ ಅನ್ನುವುದನ್ನು ಆ ದಿನ ಬಿಡುತ್ತಾರೆ. ಆದರೆ ಇಂಗ್ಲಿಷ್‌ನಲ್ಲಿ ಆ ಜಾಗ ಖಾಲಿ ಬಿಡುವ ಹಾಗಿಲ್ಲ. ಮುಂದಿನ ವರ್ಷ ಅದೇ ಮ್ಯಾಡಮ್ ತಮ್ಮ ಅಪ್ಪ ತೀರಿಕೊಂಡ ವಿಷಯ ಕಾಲ್‌ನಲ್ಲಿ ಹೇಳಿದರು. ‘ಐ ಆಮ್ ಸೋ ಸಾರಿ’ ಅಂದೆ. ‘ಥ್ಯಾಂಕ್ ಯೂ’ ಅಂದು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಆ ಕಡೆಯಿಂದ ಸಣ್ಣ ನಗು: ‘ಇಟ್ಸ್ ನಾಟ್ ಯುವರ್ ಫಾಲ್ಟ್.’